ಘಡಿ ಮುರಿಯದ ಕಾರ್ಡು

ರಾಣೆಬೆನ್ನೂರಿನ ಸಂತೆ ಬಯಲಿಗೆ ಹೋಗುವ ಓಣಿಯಲ್ಲಿ ಮಹೇಶ್ವರಿಯ ಅಂಗಡಿ ಇದೆ. ಸೀರೆಗೆ ಫಾಲ್ ಹಚ್ಚುವುದು, ಪಿಕೋ ಮಾಡುವುದು, ಸೆರಗಿಗೆ ಕುಚ್ಚು ಕಟ್ಟುವುದು ಅಲ್ಲಿಯ ಕೆಲಸ. ಮದುವೆ ದಿನಗಳಲ್ಲಿ ಒಳಗೆ ಕಾಲಿಡಲು ಜಾಗವಿರುವುದಿಲ್ಲ. ಆದರೆ ಆಗೀಗ ಒಬ್ಬಿಬ್ಬರು ಗಂಡಸರೂ ಆ ಬಾಗಿಲಿಗೆ ಬಂದು ಹೆಂಗಸರ ಸಾಲಿನ ಹಿಂದೆ ನಾಚುತ್ತ ನಿಲ್ಲುತ್ತಾರೆ. ತಮ್ಮ ಸರದಿ ಬಂದಾಗ ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ ಹೊದಿಕೆಯೊಳಗಿನ ಪುಟ್ಟ ಕಾರ್ಡೊಂದನ್ನು ತೆಗೆದು, "ಅಕ್ಕಾರ, ಇದನ್ನ ಚೂರು ನೋಡ್ರಿ" ಎನ್ನುತ್ತಾರೆ.

ಅವು ಮೂವತ್ತು ವರ್ಷದ ಹಿಂದೆ ಬಬಲ್ ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಕಾರ್ಡುಗಳು. ಗಿಣಿಯ ಚಿತ್ರದ ಹೊದಿಕೆ, ಒಳಗೊಂದು ಗುಲಾಬಿ ಬಣ್ಣದ ಗಮ್, ಅದರ ಬೆನ್ನಿಗೊಂದು ಕಾರ್ಡು. ಆಗ ಅದನ್ನು ತಿಂದು ಬೆಳೆದವರು ಈಗ ನಲವತ್ತು ದಾಟಿದ್ದಾರೆ. ಕಳೆದುಹೋದ ಕಾರ್ಡುಗಳನ್ನು ಹುಡುಕಿ ಹುಡುಕಿ ಕೂಡಿಸುವ ಹುಚ್ಚು ಹಲವರಿಗೆ ಹಿಡಿದಿದೆ. ಕೂಡಿಸುವವರಿಗೆ ಕಾರ್ಡು ಸಿಕ್ಕರಷ್ಟೇ ಸಾಲದು, ಅದು ಎಂಥ ಸ್ಥಿತಿಯಲ್ಲಿದೆ ಎನ್ನುವುದೇ ಮುಖ್ಯ. ಅದನ್ನು ನೋಡಿ ಹೇಳುವವಳು ಮಹೇಶ್ವರಿ.

ಅವಳು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ತಂದೆ ಪುಂಡಲೀಕನಿಗೆ ಸ್ಟೇಷನ್ ರಸ್ತೆಯಲ್ಲಿ ಗೂಡಂಗಡಿ ಇತ್ತು. ಬೇಸಿಗೆ ಬಂತೆಂದರೆ ಬರಣಿಯೊಳಗಿನ ಗಮ್ ಕರಗಿ ಆಕಾರಗೆಡುತ್ತಿತ್ತು. ಅಂಥದನ್ನು ಯಾರೂ ಕೊಳ್ಳುತ್ತಿರಲಿಲ್ಲ. ಪುಂಡಲೀಕ ಅವನ್ನೆಲ್ಲ ಮಗಳು ಒಡ್ಡಿದ ಲಂಗದ ಮಡಿಲಿಗೆ ಸುರಿದು, "ಹೋಗವ್ವಾ, ತಿನ್ನು ಹೋಗು" ಎನ್ನುತ್ತಿದ್ದ. ಗಮ್ ಅವಳ ಬಾಯಿಗೆ ರುಚಿಸುತ್ತಿರಲಿಲ್ಲ, ಕ್ರಿಕೆಟ್ಟೂ ಅಷ್ಟಕ್ಕಷ್ಟೆ. ಹಿಡಿಸಿದ್ದು ಕಾರ್ಡು. ಅದರ ನುಣುಪು, ಹಸಿರು ಮೈದಾನದ ಮೇಲೆ ಬಿಳಿ ಬಟ್ಟೆ ತೊಟ್ಟ ಮನುಷ್ಯ, ಸುತ್ತಲೂ ಎಳೆದ ಹಳದಿ ಅಂಚು. ಓಣಿಯ ಹುಡುಗರು ಕಾರ್ಡನ್ನು ನೆಲಕ್ಕೆ ಬಡಿದು ಆಡಿ, ಚಡ್ಡಿಯ ಕಿಸೆಯಲ್ಲಿ ಮುದುಡಿ, ಸಂಜೆಯೊಳಗೆ ಅದರ ಮುಖ ಕೆಡಿಸುತ್ತಿದ್ದರು. ಹುಡುಗಿಯನ್ನು ಆಟಕ್ಕೆ ಯಾರೂ ಸೇರಿಸಿಕೊಳ್ಳಲಿಲ್ಲ. ಹೀಗಾಗಿ ಅವಳ ಕಾರ್ಡುಗಳು ಬಿಸ್ಕೀಟಿನ ಡಬ್ಬಿಯೊಳಗೆ ಹೊಸದಾಗಿಯೇ ಉಳಿದವು.

ಮದುವೆಯಾಗಿ ರಾಣೆಬೆನ್ನೂರಿಗೆ ಬಂದ ಮೇಲೆ ಅವನ್ನು ಮರೆತೇಬಿಟ್ಟಿದ್ದಳು. ಗಂಡ ಹೊಳಿಯಪ್ಪ ಮೇಡ್ಲೇರಿಯವನು, ಬೀಜದ ಅಂಗಡಿಯೊಂದರ ಟೆಂಪೋ ಓಡಿಸುತ್ತಾನೆ. ಸಂಸಾರ, ಹೊಲಿಗೆ, ಮಗಳ ಓದು, ಅವಳ ಮದುವೆ ಎನ್ನುತ್ತ ವರ್ಷಗಳು ಹೋದವು. ಕೆಲವು ವರ್ಷಗಳ ಹಿಂದೆ ಬ್ಯಾಡಗಿಯ ತವರುಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಮೇಲಿಂದ ಆ ಡಬ್ಬಿ ಇಳಿಯಿತು. ಮುಚ್ಚಳ ತೆಗೆದದ್ದೇ ತಡ, ಮಹೇಶ್ವರಿಗೂ ಪಕ್ಕದಲ್ಲಿದ್ದ ಅಣ್ಣನ ಮಗಳು ಮೇಘಾಳಿಗೂ ಸೀನಿನ ಮೇಲೆ ಸೀನು. ಹುಳ ಹತ್ತಬಾರದೆಂದು ತಾಯಿ ಉಚ್ಚಂಗೆವ್ವ ಯಾವುದೋ ಕಾಲದಲ್ಲಿ ಡಬ್ಬಿಗೆ ಒಣಮೆಣಸಿನಕಾಯಿ ಹಾಕಿಟ್ಟಿದ್ದಳು. ಮೇಲಿನ ಒಂದೆರಡು ಕಾರ್ಡಿಗೆ ಕೆಂಪು ಕಲೆ ಹತ್ತಿತ್ತು. ಉಳಿದವು ನಿನ್ನೆ ಅಚ್ಚಾದ ಹಾಗಿದ್ದವು.

ಮೇಘಾ ಹಾವೇರಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಅವಳು ಸುಮ್ಮನೆ ಒಂದು ಫೋಟೋ ತೆಗೆದು ತನ್ನ ಸ್ಟೇಟಸ್ಸಿಗೆ ಹಾಕಿದಳು. ಸಂಜೆಯೊಳಗೆ ಗುರುತಿಲ್ಲದ ಎಷ್ಟೋ ಮಂದಿ ಕೇಳತೊಡಗಿದರು. ಹಾಗೆ ಹುಟ್ಟಿದ್ದು ಗಿಣಿ ಕಾರ್ಡಿನ ವಾಟ್ಸಪ್ ಗುಂಪು. ಕೊಡುವವರು, ಕೊಳ್ಳುವವರು, ಬದಲಾಯಿಸುವವರು ಎಲ್ಲರೂ ಅದರಲ್ಲಿ ಸೇರಿದರು. ಸೇರಿದ ಮೇಲೆ ಜಗಳವೂ ಬಂತು. ಒಬ್ಬ ತನ್ನ ಕಾರ್ಡು ಹೊಸದೆಂದು ಕಳಿಸಿದರೆ, ಪಡೆದವನು ಮೂಲೆ ಸವೆದಿದೆ ಎನ್ನುತ್ತಿದ್ದ. ನಡುವೆ ನಿಂತು ಹೇಳುವವರು ಒಬ್ಬರು ಬೇಕಾಯಿತು. "ನಮ್ಮ ಅತ್ತಿ ಕಡೆ ಕಳಸ್ರಿ, ಆಕಿ ಹೇಳ್ತಾಳ" ಎಂದುಬಿಟ್ಟಳು ಮೇಘಾ.

ಮಹೇಶ್ವರಿಗೆ ಇದು ಹೊಸ ಕೆಲಸ ಅನ್ನಿಸಲೇ ಇಲ್ಲ. ಸೀರೆ ತಂದವಳ ಎದುರಿಗೇ ಅದನ್ನು ಬಿಚ್ಚಿ, ಎಲ್ಲಿ ಎಳೆ ಕಿತ್ತಿದೆ, ಎಲ್ಲಿ ಕಲೆ ಇದೆ ಎಂದು ಮೊದಲೇ ತೋರಿಸಿಕೊಡುವುದು ಅವಳ ರೂಢಿ. ಕಾರ್ಡನ್ನೂ ಹಾಗೆಯೇ ನೋಡಿದಳು. ಬೆಳಗ್ಗೆ ಅಂಗಡಿಯ ಬಾಗಿಲಿಗೆ ತಿಳಿಬೆಳಕು ಬೀಳುವ ಹೊತ್ತಿಗೆ, ಕೈ ತೊಳೆದು ಒರೆಸಿಕೊಂಡು ಕೂತುಕೊಳ್ಳುವಳು. ಮೊದಲು ನಾಲ್ಕು ಮೂಲೆ: ಚೂಪಾಗಿವೆಯೋ, ಕಾಗದದ ಪದರು ಬಿಚ್ಚಿ ಬೆಳ್ಳಗಾಗಿವೆಯೋ. ಆಮೇಲೆ ಅಂಚು. ಆಮೇಲೆ ಕಾರ್ಡನ್ನು ಓರೆ ಮಾಡಿ ಹಿಡಿದು, ಹೊಳಪಿನ ಮೇಲೆ ಗೀರು, ಮಡಿಕೆ ಇವೆಯೇ ಎಂದು ನೋಡುವಳು. ಹಳದಿ ಅಂಚು ನಾಲ್ಕೂ ಕಡೆ ಒಂದೇ ಅಗಲವಾಗಿದೆಯೋ, ಬೆನ್ನಿಗೆ ಗಮ್ಮಿನ ಅಂಟು ಹತ್ತಿದೆಯೋ ಎಂಬುದು ಕೊನೆಗೆ.

ಹೊರದೇಶದವರು ಇದಕ್ಕೆಲ್ಲ ಹತ್ತರೊಳಗೆ ಅಂಕ ಕೊಡುತ್ತಾರೆಂದು ಮೇಘಾ ತಿಳಿಸಿದಳು. ಮಹೇಶ್ವರಿಗೆ ಅದು ಒಗ್ಗಲಿಲ್ಲ.

"ಏಳಕ್ಕೂ ಎಂಟಕ್ಕೂ ಏನ್ ಫರಕ ಅಂತ ನಾ ಹೆಂಗ ಹೇಳ್ಲಿ? ಸೀರಿ ಲೆಕ್ಕದಾಗ ಹೇಳ್ತೇನಿ, ತಿಳದವರು ತಿಳ್ಕೊಳ್ಳಲಿ" ಎಂದಳು.

ಹಾಗೆ ನಾಲ್ಕು ದರ್ಜೆ ಹುಟ್ಟಿದವು. ಅಂಗಡಿಯಿಂದ ತಂದು ಮಡಿಕೆಯನ್ನೇ ಬಿಚ್ಚದ ಸೀರೆಯಂತಿದ್ದರೆ 'ಘಡಿ ಮುರಿಯದ್ದು'. ಜೋಪಾನವಾಗಿ ಬಳಸಿದ್ದರೆ 'ಹಬ್ಬಕ್ಕ ಉಟ್ಟದ್ದು'. ಮೂಲೆ ಸವೆದು ಗೀರು ಬಿದ್ದಿದ್ದರೆ 'ದಿನಾ ಉಟ್ಟದ್ದು'. ಮಡಿಚಿ, ಹರಿದು, ನೀರು ಕುಡಿದು ಹಳೆ ಚಿಂದಿಯಂತಾಗಿದ್ದರೆ 'ಕೌದಿಗೆ ಹೋಗೂದು'. ಗುಂಪಿನವರು ಮೊದಲು ನಕ್ಕರು, ಆಮೇಲೆ ಅದೇ ಮಾತಿಗೆ ಬಿದ್ದರು. ಊರೂರಿನ ಗಂಡಸರು ಫೋನಿನಲ್ಲಿ, "ನಿಂದು ಹಬ್ಬದ್ದೋ ದಿನದ್ದೋ?" ಎಂದು ಕೇಳಿಕೊಳ್ಳುವುದನ್ನು ಕೇಳಿದವರಿಗೆ ಏನು ಅನ್ನಿಸುತ್ತಿತ್ತೋ!

ಮಹೇಶ್ವರಿಗೆ ಈ ಕೆಲಸ ಖುಷಿ ಕೊಟ್ಟಿತು. ಯಾರ ಮುಖವನ್ನೂ ನೋಡದೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. ಯಾರೂ ಎದುರಾಡುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಕುಪ್ಪೇಲೂರಿನ ಹುಲಿಗೇಶ ಬಸ್ಸಿಳಿದು ಅಂಗಡಿಗೆ ಬಂದ. ಟೊಮೆಟೊ ಬೀಜದ ಬೆಳೆ ತೆಗೆಯುವ ರೈತ, ಮಾತು ಕಡಿಮೆ. ಹಿಂದಿನ ವಾರವಷ್ಟೇ ಗುಂಪಿನಲ್ಲಿ ಒಂದು ಕಾರ್ಡು ಕೊಂಡಿದ್ದ. ಎಡಗೈ ಬೌಲರನೊಬ್ಬ ಗಾಳಿಯಲ್ಲಿ ಹಾರಿದ ಚಿತ್ರ. ಮಹೇಶ್ವರಿ ನೋಡಿ 'ಘಡಿ ಮುರಿಯದ್ದು' ಎಂದಿದ್ದಳು. ಹುಲಿಗೇಶ ಕುರ್ಚಿಯ ಅಂಚಿಗೆ ಕೂತು, ನೀರು ಕುಡಿದು, ಮಳೆ ಬೆಳೆ ಮಾತಾಡಿ, ಆಮೇಲೆ ಕಾರ್ಡು ತೆಗೆದ.

"ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ಈ ಬೌಲರನ ಮೊಣಕಾಲ ಕೆಳಗ ಒಂದು ಗೆರಿ ಐತೇನು ನೋಡ್ರಿ. ನನಗ ಹಂಗ ಕಂಡೈತಿ, ನಂದೂ ತಪ್ಪ ಇರಬಹುದು."

ಮಹೇಶ್ವರಿ ನೋಡಿದಳು. ಗೆರೆ ಕಾಣಲಿಲ್ಲ. ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದಳು. ಆಗಲೂ ಕಾಣಲಿಲ್ಲ. "ಇಲ್ಲಲ್ಲೋ ಹುಲಿಗೇಶ" ಎನ್ನುವವಳಿದ್ದಳು, ಅಷ್ಟರಲ್ಲಿ ಹೆಬ್ಬೆರಳಿನ ಉಗುರು ಕಾರ್ಡಿನ ಮೇಲೆ ಹಾದುಹೋಯಿತು. ಒಂದು ಕಡೆ ಉಗುರು ತುಸುವೇ ತಡೆಯಿತು. ಮತ್ತೆ ಹಾಯಿಸಿದಳು, ಮತ್ತೆ ಅಲ್ಲೇ ತಡೆಯಿತು. ಮಡಿಕೆ. ಕೂದಲೆಳೆಯಷ್ಟು ಸಣ್ಣದು, ಆದರೆ ಮಡಿಕೆಯೇ.

ಅವಳು ಕಾರ್ಡನ್ನು ಅವನ ಕೈಗೆ ತಿರುಗಿ ಕೊಟ್ಟಳು.

"ಖರೇ ಐತಿ. ನನಗ ಕಾಣ್ಲೇ ಇಲ್ಲ" ಎಂದಳು.

"ಹೋಗ್ಲಿ ಬಿಡ್ರಿ ಅಕ್ಕಾರ. ಕಾರ್ಡ ನನ್ನ ಮನಸಿಗೆ ಸೇರೈತಿ, ನಾ ಇಟ್ಕೋತೇನಿ. ನಿಮಗ ಹೇಳ್ಬೇಕು ಅನ್ನಿಸ್ತು, ಬಂದೆ."

ಅವನು ಎದ್ದು ಹೋದ ಮೇಲೆ ಅವಳಿಗೆ ಕೆಲಸ ಸಾಗಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಹೊಳಿಯಪ್ಪನಿಗೆ ಹೇಳಿದಳು. ಅವನು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡ.

"ಒಂದು ವರ್ಷ ಆತು ನೀ ಸೂಜಿ ಪೋಣಿಸೂದು ಬಿಟ್ಟು. ಬಾಜೂ ಮನಿ ಹುಡುಗಿ ಕಡೆ ಪೋಣಿಸಿಸ್ಕೋತೀ. ಫೋನ್ ಕೈ ಚಾಚಿ ಹಿಡೀತೀ. ನಾ ಹೇಳಿದ್ರ ಸಿಟ್ಟು ಮಾಡ್ಕೋತೀ ಅಂತ ಸುಮ್ಮನಿದ್ದೆ."

"ಮೊದಲs ಹೇಳಬಾರದೇನ್ರಿ?"

"ಈಗ ಹೇಳೇನಲ್ಲ. ನಾಳೆ ಕಣ್ಣಿನ ಡಾಕ್ಟರ ಕಡೆ ಹೋಗೂಣು ನಡಿ."

ಡಾಕ್ಟರು ನೋಡಿ, ಚಾಳೀಸು ಬಂದಿದೆ, ಬರುವ ವಯಸ್ಸೇ ಎಂದರು. ಕನ್ನಡಕ ಬಂದ ದಿನ ಮಹೇಶ್ವರಿ ಅಂಗಡಿಗೆ ಹೋಗುವ ಮೊದಲು ಮನೆಯನ್ನೆಲ್ಲ ಒಂದು ಸುತ್ತು ನೋಡಿದಳು. ಹೊಲಿಗೆ ಯಂತ್ರದ ಸಂದಿಯಲ್ಲಿ ಧೂಳು, ತನ್ನ ಕೈಮೇಲೆ ಸಣ್ಣ ಸಣ್ಣ ಸುಕ್ಕು. ಗಂಡನ ಮುಖಕ್ಕೆ ಹತ್ತಿರ ಬಂದು ನಿಂತಳು.

"ಅಯ್ಯ, ನಿಮ್ಮ ಮೀಸಿ ಇಷ್ಟು ಬೆಳ್ಳಗ ಯಾವಾಗ ಆತ್ರಿ?"

"ಘಡಿ ಮುರಿಯದ್ದು ಅಂತೀಯೋ, ದಿನಾ ಉಟ್ಟದ್ದು ಅಂತೀಯೋ ಈಗs ಹೇಳಿಬಿಡು" ಎಂದ ಹೊಳಿಯಪ್ಪ. ಇಬ್ಬರೂ ನಕ್ಕರು.

ನಕ್ಕರೂ ಅವಳ ಮನಸ್ಸು ಒಂದು ಕಡೆ ತೊಡಕಿಕೊಂಡಿತ್ತು. ಕಣ್ಣು ಮಂಜಾದದ್ದು ನಿನ್ನೆ ಮೊನ್ನೆಯಲ್ಲ. ಈ ಒಂದು ವರ್ಷದಲ್ಲಿ ತಾನು ನೋಡಿ ಕಳಿಸಿದ ಕಾರ್ಡುಗಳ ಗತಿಯೇನು? ಹುಲಿಗೇಶ ಬಂದು ಹೇಳಿದ. ಹೇಳದೆ ಸುಮ್ಮನಾದವರು ಎಷ್ಟು ಮಂದಿಯೋ. ಮೇಘಾಳಿಗೆ ಫೋನು ಮಾಡಿ ತನ್ನ ವಿಚಾರ ತಿಳಿಸಿದಳು: ಹಿಂದಿನ ವರ್ಷದ ದೀಪಾವಳಿಯಿಂದ ಈಚೆಗೆ ನೋಡಿದ್ದನ್ನೆಲ್ಲ ತಿರುಗಿ ತರಿಸಿಕೊಂಡು ಮತ್ತೊಮ್ಮೆ ನೋಡುವುದು.

ಮೇಘಾ ಗಾಬರಿಯಾದಳು. "ಅತ್ತಿ, ಹಂಗ ಹೇಳಿದ್ರ ಮುಂದ ನಿನ್ನ ಮಾತು ಯಾರು ನಂಬ್ತಾರ? ಹುಲಿಗೇಶಣ್ಣ ಯಾರ ಮುಂದೂ ಬಾಯಿ ಬಿಡಂಗಿಲ್ಲ. ಇನ್ನ ಮ್ಯಾಲೆ ಚಷ್ಮಾ ಹಾಕ್ಕೊಂಡು ನೋಡು, ಮುಗೀತು."

"ಒಬ್ಬಾಕಿ ಸೀರಿಗೆ ಓರೆ ಫಾಲ್ ಹಚ್ಚೇನಿ ಅಂತ ಗೊತ್ತಾದ ಮ್ಯಾಲೆ, ಆಕಿ ನೋಡಿಲ್ಲ ಅಂತ ಸುಮ್ಮನಿರಾಕ ಬರ್ತೈತೇನವಾ? ನೀ ಹಾಕ್ತಿಯೋ, ನಾನs ಮಾತಾಡಿ ಹಾಕ್ಲೋ?"

ಕೊನೆಗೆ ತಾನೇ ಮಾತಾಡಿ ಗುಂಪಿಗೆ ಹಾಕಿದಳು. "ನಮಸ್ಕಾರ್ರಿ ಎಲ್ಲಾರಿಗೂ. ನನಗ ಚಾಳೀಸು ಬಂದೈತ್ರಿ. ಅದು ತಿಳೀದ ನಾ ನಿಮ್ಮ ಕಾರ್ಡ ನೋಡೇನಿ. ಹಿಂದಿನ ವರ್ಷದ ದೀಪಾವಳಿಂದ ಈ ಕಡೆ ನೋಡಿದ್ದೆಲ್ಲಾ ನನಗ ಕಳಸ್ರಿ. ಮತ್ತೊಮ್ಮೆ ನೋಡಿ ಹೇಳ್ತೇನಿ." ಹೇಳಿ, ಫೋನನ್ನು ಸೀರೆಗಳ ಕೆಳಗೆ ತುರುಕಿ ಕೆಲಸಕ್ಕೆ ಕೂತಳು. ಸಂಜೆಯವರೆಗೂ ಅದನ್ನು ಮುಟ್ಟುವ ಧೈರ್ಯ ಬರಲಿಲ್ಲ.

ಸಂಜೆ ತೆಗೆದು ನೋಡಿದರೆ ಬೈಗುಳ ಒಂದೂ ಇರಲಿಲ್ಲ. ಹಾವೇರಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಸುದೀಪನೊಬ್ಬ ಮಾತ್ರ, ನನ್ನ ಕಾರ್ಡಿನ ದರ್ಜೆ ಇಳಿಸಿದರೆ ನಾ ಒಪ್ಪುವುದಿಲ್ಲ ಎಂದು ಬರೆದಿದ್ದ. ಅದರ ಕೆಳಗೆ ಯಾರೋ, ಅಂಚೆಯಲ್ಲಿ ಕಳಿಸಿ ಮತ್ತೆ ಮೂಲೆ ಕೆಡಿಸಿಕೊಳ್ಳುವುದಕ್ಕಿಂತ ನಾವೇ ಬರುತ್ತೇವೆ ಎಂದಿದ್ದರು. ಅದಕ್ಕೆ ಮತ್ತೊಬ್ಬರು, ಇನ್ನೊಬ್ಬರು ದನಿಗೂಡಿಸಿದ್ದರು. ಬರುವ ಭಾನುವಾರ ಎಂದು ತಾವೇ ಗೊತ್ತುಮಾಡಿಕೊಂಡೂ ಬಿಟ್ಟಿದ್ದರು!

ಆ ಭಾನುವಾರ ಹೊಳಿಯಪ್ಪ ಬೀಜದ ಅಂಗಡಿಯಿಂದ ತಾಡಪಾಲು ತಂದು ಮನೆಯ ಮುಂದೆ ಕಟ್ಟಿದ. ಕೆಳಗೆ ಜಮಖಾನೆ ಹಾಸಿದ. ಮೇಘಾ ಮೊದಲ ಬಸ್ಸಿಗೇ ಬಂದಿಳಿದಳು. ಬೆಳಗಿನ ಜಾವದಿಂದ ರೊಟ್ಟಿ ಬಡಿಯುವ ಸದ್ದು ಕೇಳಿ ಓಣಿಯ ಹೆಂಗಸರು, "ಏನವಾ, ಬೀಗರು ಬರಾಕತ್ತಾರೇನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾವೂ ಹಿಟ್ಟು ನಾದಲು ಕೂತರು. ಹತ್ತು ಹೊಡೆಯುವುದರೊಳಗೆ ಜಮಖಾನೆ ತುಂಬಿತು. ಇಷ್ಟು ದಿನ ಫೋನಿನಲ್ಲಿ ಬರೀ ಹೆಸರಾಗಿದ್ದವರು ಮುಖ ನೋಡಿ ಗುರುತು ಹಚ್ಚಿಕೊಳ್ಳತೊಡಗಿದರು. ಹುಲಿಗೇಶ ತನ್ನ ಹೊಲದ ಟೊಮೆಟೊ ಒಂದು ಬುಟ್ಟಿ ತಂದಿದ್ದ.

ಮಹೇಶ್ವರಿ ಬಾಗಿಲ ಪಕ್ಕ ಮೇಜು ಹಾಕಿಕೊಂಡು ಕೂತಳು. ಈ ಸಲ ಕಣ್ಣಿನ ಜೊತೆಗೆ ಉಗುರೂ ಕೆಲಸ ಮಾಡಿತು. ಒಂದೊಂದೇ ಕಾರ್ಡನ್ನು ಹೊದಿಕೆಯಿಂದ ತೆಗೆದು ನೋಡಿ, ಬಂದವರ ಎದುರಿಗೇ ಹೇಳುತ್ತ ಹೋದಳು. ಬಹಳಷ್ಟು ಮೊದಲಿದ್ದ ದರ್ಜೆಯಲ್ಲೇ ನಿಂತವು. ಕೆಲವು ಇಳಿದವು. ಸುದೀಪನ ಕಾರ್ಡಿನ ಒಂದು ಮೂಲೆಯಲ್ಲಿ ಪದರು ತುಸು ಬಿಚ್ಚಿತ್ತು.

"ಘಡಿ ಅಲ್ಲೋ ತಮ್ಮಾ ಇದು, ಹಬ್ಬದ್ದು. ನೋಡಿಲ್ಲಿ, ಈ ಮೂಲಿ ನೋಡು."

ಸುದೀಪ ನೋಡಿದ. ಇನ್ನೊಮ್ಮೆ ನೋಡಿದ. ಮುಖ ಊದಿಸಿಕೊಂಡು ಹೋಗಿ ಕಟ್ಟೆಯ ತುದಿಗೆ ಕೂತ. ಆದರೆ ಬದನೆಕಾಯಿ ಎಣ್ಣೆಗಾಯಿ ಬಂದಾಗ ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದವನೂ ಅವನೇ.

ಮಧ್ಯಾಹ್ನದ ಹೊತ್ತಿಗೆ ಬ್ಯಾಡಗಿಯ ಕಾಸೀಮಸಾಬ ಹೆಂಡತಿ ರಮಜಾನಬಿಯನ್ನು ಕರೆದುಕೊಂಡು ಬಂದ. ಸೈಕಲ್ ರಿಪೇರಿ ಅಂಗಡಿಯ ಹಿರಿಯ. ಮಹೇಶ್ವರಿಯ ತಂದೆಯನ್ನು ಬಲ್ಲವನು, ಹೀಗಾಗಿ ಅವಳನ್ನು ತಂಗೀ ಎಂದೇ ಕರೆಯುತ್ತಾನೆ. ಗುಂಪಿನಲ್ಲಿ ಒಂದೇ ಒಂದು ಕಾರ್ಡು ಇರುವವನು ಅವನು. ಮದುವೆಯಾದ ಹೊಸತರಲ್ಲಿ ಹೆಂಡತಿಯೊಡನೆ ಹುಬ್ಬಳ್ಳಿಗೆ ಹೊರಟಾಗ, ಬ್ಯಾಡಗಿ ಸ್ಟೇಷನ್ನಿನಲ್ಲಿ ರೈಲು ಕಾಯುತ್ತ ಕೊಂಡ ಗಮ್ಮಿನಲ್ಲಿ ಬಂದದ್ದು. ವಿಕೆಟ್ ಕೀಪರನೊಬ್ಬ ಮಲಗಿದಂತೆ ಹಾರಿ ಚೆಂಡು ಹಿಡಿದ ಚಿತ್ರ. ಹೋದ ವರ್ಷ ಅದನ್ನು ನೋಡಿದ ಮಹೇಶ್ವರಿ, ಕೀಪರನ ಎದೆಯ ಮೇಲೆ ಉದ್ದಕ್ಕೂ ಗೀರು ಇದೆ, 'ದಿನಾ ಉಟ್ಟದ್ದು' ಎಂದು ಬರೆದು ಕಳಿಸಿದ್ದಳು. ಅಷ್ಟು ಜೋಪಾನ ಮಾಡಿದ್ದಕ್ಕೆ ಗೀರು ಎಲ್ಲಿಂದ ಬಂತೆಂದು ಅವನಿಗೆ ತಿಳಿದಿರಲಿಲ್ಲ. ಕಳಿಸುವ ಮೊದಲು ಅಂಗಡಿಯಲ್ಲಿ ಅದನ್ನು ಮುಟ್ಟಿ ನೋಡಿದ ಹುಡುಗರ ಮೇಲೆಲ್ಲ ಅನುಮಾನಪಟ್ಟಿದ್ದ. ಅವಳ ಮಾತನ್ನು ಮಾತ್ರ ಅನುಮಾನಿಸಿರಲಿಲ್ಲ.

"ನಂದೇನು ಇಳ್ಯಾಕ ಉಳದಿಲ್ಲ ತಂಗೀ. ಎಲ್ಲಾರೂ ಬರ್ತಾರಂತ ನಾನೂ ಬಂದೆ" ಎಂದು ಕಾರ್ಡು ಮೇಜಿನ ಮೇಲಿಟ್ಟ. ಅವಳು ಕಳಿಸಿದ ಹೊದಿಕೆಯಲ್ಲೇ ಇತ್ತು, ಅವನು ಬಿಚ್ಚಿಯೇ ಇರಲಿಲ್ಲ.

ಮಹೇಶ್ವರಿ ಕನ್ನಡಕ ಸರಿಪಡಿಸಿಕೊಂಡು ನೋಡಿದಳು. ಗೀರು ಇತ್ತು, ಕೀಪರನ ಎದೆಯ ಮೇಲೆ, ಹೋದ ವರ್ಷ ಕಂಡ ಜಾಗದಲ್ಲೇ. ಆದರೆ ಹೊದಿಕೆಯನ್ನು ಓರೆ ಮಾಡಿದಾಗ ಗೀರು ಹೊಳೆಯಿತು. ಗೀರು ಹೊಳೆಯಬಾರದು. ಅವಳು ಕಾರ್ಡನ್ನು ಮೆಲ್ಲಗೆ ಹೊರಗೆಳೆದಳು. ಅದರ ಜೊತೆ ಒಂದು ಎಳೆಯೂ ಈಚೆ ಬಂದು ಮೇಜಿನ ಮೇಲೆ ಬಿತ್ತು. ಬಿಳಿ ರೇಷ್ಮೆಯ ಎಳೆ. ಯಾವುದೋ ಸೀರೆಯ ಕುಚ್ಚಿನಿಂದ ಉದುರಿದ್ದು, ಅವಳದೇ ಅಂಗಡಿಯದು, ಅವಳದೇ ಬೆರಳಿನಿಂದ ಕಾರ್ಡಿಗೆ ಅಂಟಿ, ಅದರ ಜೊತೆಗೇ ಹೊದಿಕೆಯೊಳಗೆ ಹೋದದ್ದು.

ಕಾರ್ಡಿನ ಮೇಲೆ ಏನೂ ಇರಲಿಲ್ಲ. ಉಗುರು ಹಾಯಿಸಿದಳು, ಎಲ್ಲಿಯೂ ತಡೆಯಲಿಲ್ಲ. ಮೂಲೆ ನೋಡಿದಳು, ಅಂಚು ನೋಡಿದಳು, ತಿರುಗಿಸಿ ಬೆನ್ನು ನೋಡಿದಳು. ಕೂತವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು.

"ಕಾಸೀಮಣ್ಣಾ, ಇದು ಗೀರಲ್ಲೋ, ನನ್ನ ಎಳಿ. ಒಂದು ವರ್ಷ ನಿನಗ ಸುಳ್ಳ ಹೇಳಿ ಕುಂದ್ರಿಸೇನಿ" ಎಂದಳು. ಕಾರ್ಡನ್ನು ಅವನ ಮುಂದೆ ಸರಿಸಿದಳು. "ನಿಂದು ಘಡಿ ಮುರಿಯದ್ದು."

ಕಾಸೀಮಸಾಬನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅವನು ಬೇರೆ ಯಾರನ್ನೂ ನೋಡದೆ ಹೆಂಡತಿಯ ಕಡೆ ತಿರುಗಿದ.

"ಕೇಳಿದ್ಯೇನ? ಘಡಿ ಅಂತ, ಘಡಿ! ನಾ ಹೆಂಗ ಇಟ್ಟಿದ್ದೆ ಹಂಗs ಐತಿ."

"ನೀವು ಏನ್ ಇಟ್ಟಿದ್ರಿ?" ಎಂದಳು ರಮಜಾನಬಿ. "ಆ ಗಮ್ಮ ತಿಂದಾಕಿ ನಾನು. ಕಾರ್ಡ ನನ್ನ ಟ್ರಂಕಿನ್ಯಾಗ, ನನ್ನ ಮದಿವಿ ಸೀರಿ ಒಳಗ ಇತ್ತು. ನಿಮ್ಮ ಕೈಯಾಗ ಇದ್ದಿದ್ರ ಅದಕ್ಕ ಗ್ರೀಸ್ ಹತ್ತಿರ್ತಿತ್ತು."

ಇಡೀ ಜಮಖಾನೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಕಾಸೀಮಸಾಬ. ದಾವಣಗೆರೆಯಿಂದ ಬಂದವರೊಬ್ಬರು ಆ ಕಾರ್ಡನ್ನು ತಮಗೆ ಕೊಡುತ್ತೀರಾ ಎಂದು ಕೇಳಿದರು. ಅವನು ಬಾಯಿ ತೆರೆಯುವ ಮೊದಲೇ ರಮಜಾನಬಿ ಅದನ್ನು ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು. ಅಲ್ಲಿಗೆ ಆ ಮಾತು ಮುಗಿಯಿತು.

ಮಹೇಶ್ವರಿ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. ತನ್ನ ಮೇಲೆ ಯಾರಿಗೂ ಸಿಟ್ಟು ಬರಲಿಲ್ಲವಲ್ಲ ಎಂಬುದು ಅವಳಿಗೆ ಸೋಜಿಗ. ಅದನ್ನೇ ಊಟ ಬಡಿಸುವಾಗ ಹುಲಿಗೇಶನ ಮುಂದೆ ಅಂದಳು.

"ಸಿಟ್ಟು ಯಾಕ ಬರಬೇಕ್ರಿ ಅಕ್ಕಾರ?" ಎಂದ ಅವನು. "ನೀವು ಕರೀದಿದ್ರ ನಾವೆಲ್ಲಾ ಹಿಂಗ ಒಂದ ಕಡೆ ಕುಂತು ರೊಟ್ಟಿ ತಿಂತಿದ್ವೇನು? ಇನ್ನೊಂದು ಹಾಕ್ರಿ."

ಸಂಜೆ ಒಬ್ಬೊಬ್ಬರಾಗಿ ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಹೋಗುವ ಮೊದಲು, ಇನ್ನು ಮೇಲೆ ವರ್ಷಕ್ಕೊಮ್ಮೆ ಹೀಗೆ ಕೂಡಬೇಕು, ಮುಂದಿನ ಸಲ ಬ್ಯಾಡಗಿಯಲ್ಲಿ ಎಂದು ಮಾತಾಯಿತು. ಹೊಳಿಯಪ್ಪ ತಾಡಪಾಲು ಬಿಚ್ಚಿ ಮಡಿಚುತ್ತಿದ್ದ. ಮೇಘಾ ಜಮಖಾನೆ ಝಾಡಿಸುತ್ತಿದ್ದಳು. ಮಹೇಶ್ವರಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ತಾಯಿಗೆ ಫೋನು ಹಚ್ಚಿದಳು.

"ಎಷ್ಟ ಮಂದಿ ಬಂದಿದ್ರವಾ?" ಎಂದಳು ಉಚ್ಚಂಗೆವ್ವ ಆ ಕಡೆಯಿಂದ.

"ಓಣಿ ತುಂಬಿತ್ತವ್ವಾ. ರೊಟ್ಟಿ ಸಾಲದ ಕಡೀಕ ಮಂಡಕ್ಕಿ ಒಗ್ಗರಣಿ ಹಾಕಿ ಕೊಟ್ವಿ."

"ಆ ಗಮ್ಮಿನ ಚೀಟಿ ನೋಡಾಕ ಇಷ್ಟ ಮಂದಿ! ಮುಂದ ಯಾವಾಗ?"

"ಮುಂದಿನ ವರ್ಷ. ನಿಮ್ಮೂರಾಗs, ಬ್ಯಾಡಗ್ಯಾಗ."

ಆ ಕಡೆ ಉಚ್ಚಂಗೆವ್ವ ಮನೆಯವರಿಗೆ ಕೂಗಿ ಹೇಳುವ ದನಿ ಕೇಳಿಸಿತು, "ಏ, ಕೇಳಿದ್ರೇನು? ಮುಂದಿನ ವರ್ಷ ಎಲ್ಲಾರೂ ನಮ್ಮ ಮನಿಗೇ ಊಟಕ್ಕ ಬರ್ತಾರಂತ." ಹಾಗೆಂದು ತಾನು ಹೇಳಿಯೇ ಇರಲಿಲ್ಲ. ಆದರೂ ಮಹೇಶ್ವರಿ ಇಲ್ಲವೆನ್ನಲಿಲ್ಲ. ಏನೇನು ಅಡುಗೆ ಮಾಡಬೇಕೆಂದು ತಾಯಿ ಆಗಲೇ ಶುರುಮಾಡಿದ್ದಳು. ಮಹೇಶ್ವರಿ ಹೂಂಗುಟ್ಟುತ್ತ ಗೋಡೆಗೊರಗಿದಳು.